ಚೀನದ ದರಬಾರಿನಲ್ಲಿ ದುಭಾಷಿಗಳು

(ರಾಜ್ಯೋತ್ಸವದ ನಿಮಿತ್ತ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಚೀನದ ಮಾತೆತ್ತುವುದೇಕೆ ಎಂದು ತಾವು ಕೇಳಬಹುದು. ಕಾರಣ ಸಣ್ಣದು. ನಮ್ಮ ಮುಂಬಯಿಯ ಮನೆಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಪ್ರಸಂಗವುಂಟು. ಊರಿನಿಂದ ಬಂದ ಅಜ್ಜಿ ಬಾಗಿಲಲ್ಲಿ ನಿಂತು ಭಾಜಿಯವನೊಡನೆ ಕನ್ನಡದಲ್ಲಿಯೇ ಚೌಕಾಸಿಗೆ ಇಳಿಯುತ್ತಾಳೆ. ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ನಡುವೆ ಎಂಟು ವರ್ಷದ ಮೊಮ್ಮಗ ನಿಂತು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಾನೆ. ಅಜ್ಜಿ ಬೈದುದನ್ನು ಅವನು ಬೈದಂತೆಯೇ ಹೇಳುವುದಿಲ್ಲ. ಭಾಜಿಯವನು ಗೊಣಗಿದುದನ್ನು ಅಜ್ಜಿಗೆ ಪೂರ್ತಿ ತಿಳಿಸುವುದಿಲ್ಲ. ಸಂದು ಸಿಕ್ಕಿದರೆ ತನಗೊಂದು ಪೇರಲಹಣ್ಣನ್ನೂ ವ್ಯವಹಾರದಲ್ಲಿ ಸೇರಿಸಿಕೊಳ್ಳುತ್ತಾನೆ. ಕೊನೆಗೆ ಬದನೆಕಾಯಿ ಬುಟ್ಟಿಗೆ ಬೀಳುತ್ತದೆ, ಇಬ್ಬರೂ ಗೆದ್ದೆವೆಂದು ತಿಳಿಯುತ್ತಾರೆ.

ಇಂಥ ಹುಡುಗನೊಬ್ಬ 1793ರಲ್ಲಿ ಚೀನದ ಚಕ್ರವರ್ತಿಯ ಮುಂದೆ ನಿಂತಿದ್ದ. ಅವನ ಕಥೆಯನ್ನೂ, ಅವನ ಹಿಂದೆ ಮುಂದೆ ಅದೇ ಕೆಲಸ ಮಾಡಿದ ಕೆಲವರ ಕಥೆಯನ್ನೂ ಈ ಹೊತ್ತು ನಾವು ಹೇಳಬೇಕೆಂದಿದ್ದೇವೆ. ಅರಸರ ಇತಿಹಾಸವನ್ನು ಓದುವಾಗ ಅರಸನು ಹೀಗೆಂದನು, ರಾಯಭಾರಿಯು ಹಾಗೆಂದನು ಎಂದು ಓದುತ್ತೇವಷ್ಟೆ. ಆದರೆ ಅರಸನು ಅಂದುದು ರಾಯಭಾರಿಗೆ ತಿಳಿದದ್ದು ಯಾರ ಬಾಯಿಂದ? ಆ ಬಾಯಿಯವನನ್ನು ನಾವು ಮರೆತುಬಿಡುತ್ತೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಚೀನವೆಂದರೆ ಮಹಾಗೋಡೆ ಕಟ್ಟಿಕೊಂಡು ಒಳಗೆ ಕುಳಿತ ದೇಶ, ಪರದೇಶಿಯ ಮುಖ ನೋಡದ ದೇಶ ಎಂಬ ಮಾತು ಬಹಳ ಬಳಕೆಯಲ್ಲಿದೆ. 1368ರಿಂದ 1644ರವರೆಗೆ ಆಳಿದ ಮಿಂಗ್ ವಂಶದ ಆರಂಭಕಾಲಕ್ಕೆ ಅದು ಸಲ್ಲದು. 1407ರಲ್ಲಿಯೇ ಅವರ ಸರಕಾರ ಪರಭಾಷೆಗಳನ್ನು ಕಲಿಸುವ ಒಂದು ಕಚೇರಿಯನ್ನು ತೆರೆಯಿತು. ಮಂಗೋಲ್, ಟಿಬೆಟಿ, ಪಾರಸಿ, ಬರ್ಮೀ ಮೊದಲಾದವುಗಳ ಜೊತೆಗೆ ಭಾರತದ ಬರಹವನ್ನು ಓದಬಲ್ಲವರ ಒಂದು ವಿಭಾಗವೂ ಅಲ್ಲಿತ್ತು. ಅದೇ ಕಾಲದಲ್ಲಿ, 1405ರಿಂದ 1433ರವರೆಗೆ, ಚೆಂಗ್ ಹೋ ಎಂಬ ನೌಕಾಧಿಪತಿ ಏಳು ಸಾರಿ ದೊಡ್ಡ ಹಡಗುಗಳ ದಂಡು ಕಟ್ಟಿಕೊಂಡು ದಕ್ಷಿಣ ಸಮುದ್ರಗಳಿಗೆ ಬಂದ. ನಮ್ಮ ಪಡುವಣ ಕರಾವಳಿಯ ಕಲ್ಲಿಕೋಟೆ ಅವನ ಮುಖ್ಯ ತಂಗುದಾಣ. ಆ ದಂಡಿನಲ್ಲಿ ಮಾ ಹುವಾನ್ ಎಂಬ ಮುಸಲ್ಮಾನ ದುಭಾಷಿಯಿದ್ದ. ಕಂಡುದನ್ನೆಲ್ಲ ಅವನು ಬರೆದಿಟ್ಟ. ಕಲ್ಲಿಕೋಟೆಯ ವ್ಯಾಪಾರಿಗಳಿಗೆ ಮಣಿಚೌಕಟ್ಟು ಬೇಡ, ಎರಡು ಕೈ ಎರಡು ಕಾಲುಗಳ ಇಪ್ಪತ್ತು ಬೆರಳುಗಳಲ್ಲಿಯೇ ಲೆಕ್ಕ ಮಾಡುತ್ತಾರೆ, ಒಂದು ಕಾಸೂ ತಪ್ಪುವುದಿಲ್ಲ ಎಂದು ಬೆರಗಾಗಿದ್ದಾನೆ. ಬೆಲೆ ಗೊತ್ತಾದ ಮೇಲೆ ದಲಾಲಿಯೂ ಎರಡು ಕಡೆಯವರೂ ಕೈಕೈ ಹಿಡಿಯುತ್ತಾರೆ, ಆಮೇಲೆ ಬೆಲೆ ಏರಿದರೂ ಇಳಿದರೂ ಮಾತು ಮುರಿಯುವುದಿಲ್ಲ ಎಂದೂ ಬರೆದಿದ್ದಾನೆ. ಪರದೇಶವನ್ನು ಹೀಗೆ ಕುತೂಹಲದಿಂದ ನೋಡಿದವನು ಅರಸನಲ್ಲ, ಸೇನಾಪತಿಯಲ್ಲ, ದುಭಾಷಿ!

ತರುವಾಯ ಚೀನದ ಅರಸರು ಹಡಗುಗಳನ್ನು ನಿಲ್ಲಿಸಿದರು. ಹೊರಗಿನವರು ತಾವೇ ಬರತೊಡಗಿದರು. ಇಟಲಿಯ ಮತ್ತೇಯೊ ರಿಚ್ಚಿ 1582ರಲ್ಲಿ ಮಕಾವಿಗೆ ಬಂದಿಳಿದು ಅಕ್ಷರ ತಿದ್ದಲು ಕುಳಿತ. ಮೊದಲು ಬೌದ್ಧ ಭಿಕ್ಷುವಿನ ವೇಷ ಹಾಕಿದ. ಆ ದೇಶದಲ್ಲಿ ಮರ್ಯಾದೆ ಪಂಡಿತನಿಗೆ ಎಂದು ತಿಳಿದಮೇಲೆ ಪಂಡಿತನ ನಿಲುವಂಗಿ ತೊಟ್ಟ. 1601ರಲ್ಲಿ ಪೀಕಿಂಗನ್ನು, ಇಂದು ಬೀಜಿಂಗ್ ಎನ್ನುವ ನಗರವನ್ನು, ಸೇರಿದ. ಅಲ್ಲಿ ಶು ಗುವಾಂಗ್‌ಛಿ ಎಂಬ ವಿದ್ವಾಂಸನ ಜೊತೆ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಚೀನೀ ಭಾಷೆಗೆ ತಂದ. ರಿಚ್ಚಿ ಬಾಯಲ್ಲಿ ಹೇಳುವುದು, ಶು ಅದನ್ನು ಒಳ್ಳೆಯ ಚೀನೀಯಲ್ಲಿ ಬರೆಯುವುದು. 1607ರಲ್ಲಿ ಅಚ್ಚಾದ ಆ ಗ್ರಂಥ, ನಮ್ಮ ಎಣಿಕೆಯಲ್ಲಿ, ಈ ಇಡೀ ಇತಿಹಾಸದಲ್ಲಿ ಎರಡು ಕಡೆಯವರೂ ಸಮಾನರಾಗಿ ಕುಳಿತು ಮಾಡಿದ ಕೆಲವೇ ಕೆಲಸಗಳಲ್ಲಿ ಒಂದು.

1644ರಲ್ಲಿ ಮಿಂಗರು ಹೋಗಿ ಛಿಂಗ್ ವಂಶದವರು ಬಂದರು. ಇವರು ಮಂಚುಗಳು; ಅಂದರೆ ಅರಸರೇ ಪ್ರಜೆಗಳ ಮಟ್ಟಿಗೆ ಪರಭಾಷಿಕರು. ಸರಕಾರದ ಕಾಗದಪತ್ರಗಳು ಮಂಚುವಿನಲ್ಲಿಯೂ ಚೀನೀಯಲ್ಲಿಯೂ ನಡೆಯುತ್ತಿದ್ದವು. ಈ ವಂಶದ ಕಾಂಗ್‌ಶಿ ಚಕ್ರವರ್ತಿ 1689ರಲ್ಲಿ ರಷ್ಯದೊಡನೆ ನೆರ್ಚಿನ್ಸ್ಕ್ ಒಪ್ಪಂದ ಮಾಡಿಕೊಂಡಾಗ ನಡುವೆ ನಿಂತವರು ಇಬ್ಬರು ಯೂರೋಪಿನ ಪಾದ್ರಿಗಳು. ಒಪ್ಪಂದದ ಪ್ರಮಾಣಪಾಠ ಲ್ಯಾಟಿನ್ ಭಾಷೆಯಲ್ಲಿದ್ದಿತು! ಅದೇ ಕಾಂಗ್‌ಶಿಯ ಬಳಿಗೆ 1706ರಲ್ಲಿ ಮೇಗ್ರೊ ಎಂಬ ಫ್ರೆಂಚ್ ಬಿಷಪ್ ಬಂದ. ಹಿರಿಯರಿಗೂ ಕನ್ಫ್ಯೂಷಿಯಸನಿಗೂ ಚೀನೀಯರು ಸಲ್ಲಿಸುವ ಪೂಜೆ ಮೂಢನಂಬಿಕೆಯೆಂದು ತೀರ್ಪು ಕೊಟ್ಟವನು ಆತ. ಸಿಂಹಾಸನದ ಮೇಲ್ಗಡೆ ಬರೆದಿದ್ದ ಅಕ್ಷರಗಳನ್ನು ಓದು ಎಂದ ಚಕ್ರವರ್ತಿ. ಬಿಷಪ್ಪನಿಗೆ ಅವುಗಳನ್ನು ಸರಿಯಾಗಿ ಓದಲು ಬರಲಿಲ್ಲ. ಅಕ್ಷರ ಬಾರದವನು ನಮ್ಮ ಶಾಸ್ತ್ರದ ತಪ್ಪು ಎತ್ತಿಹಿಡಿಯುವುದೆ ಎಂದು ಕಾಂಗ್‌ಶಿ ಸಿಟ್ಟಾದ. ಆ ಸಿಟ್ಟು ನ್ಯಾಯವಾದದ್ದೆಂದು ನಮಗೆ ತೋರುತ್ತದೆ.

ಆದರೆ ಮೊಮ್ಮಗನ ಕಾಲಕ್ಕೆ ಮನೋಭಾವ ತಿರುವುಮುರುವಾಯಿತು. ಕಾಂಗ್‌ಶಿಯ ಮೊಮ್ಮಗ ಚಿಯೆನ್‌ಲುಂಗ್ 1757ರಲ್ಲಿ ಯೂರೋಪಿನ ಹಡಗುಗಳ ವ್ಯಾಪಾರವನ್ನು ಕ್ಯಾಂಟನ್ ಬಂದರಿಗೆ ಮಾತ್ರ ಕಟ್ಟಿಹಾಕಿದ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಜೇಮ್ಸ್ ಫ್ಲಿಂಟ್ ಎಂಬವನು ಹುಡುಗನಾಗಿದ್ದಾಗಿನಿಂದ ಚೀನೀ ಕಲಿತಿದ್ದ. ಕ್ಯಾಂಟನ್ನಿನ ಸುಂಕದವರ ಲಂಚಗುಳಿತನವನ್ನು ಕುರಿತು ಒಂದು ದೂರು ಬರೆಸಿಕೊಂಡು, 1759ರಲ್ಲಿ ಹಡಗು ಹತ್ತಿ ಉತ್ತರದ ತಿಯೆನ್‌ತ್ಸಿನ್‌ವರೆಗೆ ಹೋಗಿ ಅರ್ಜಿ ಸಲ್ಲಿಸಿದ. ಚಕ್ರವರ್ತಿ ವಿಚಾರಣೆ ನಡೆಸಿದ. ದೂರು ನಿಜವೆಂದು ಕಂಡು ಸುಂಕದ ಅಧಿಕಾರಿಯನ್ನು ತೆಗೆದುಹಾಕಿದ. ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಫ್ಲಿಂಟನನ್ನೂ ಹಿಡಿದು ಮಕಾವಿನಲ್ಲಿ ಮೂರು ವರ್ಷ ಸೆರೆಯಲ್ಲಿಟ್ಟು ದೇಶದಿಂದ ಅಟ್ಟಿದರು. ಅರ್ಜಿಯನ್ನು ಚೀನೀಯಲ್ಲಿ ಬರೆದುಕೊಟ್ಟ ಲಿಯು ಯಾಬಿಯೆನ್ ಎಂಬ ಚೀನೀಯನ ತಲೆ ಹಾರಿತು. ಪರದೇಶಿಗೆ ಭಾಷೆ ಕಲಿಸುವುದು ಅಂದಿನಿಂದ ಪ್ರಾಣದ ಪಣವಾಯಿತು. ಆಮೇಲೆ ಕ್ಯಾಂಟನ್ನಿನಲ್ಲಿ ವ್ಯವಹಾರವೆಲ್ಲ ನಡೆದದ್ದು ಪಿಜಿನ್ ಎಂಬ ಹರಕುಮುರುಕು ಇಂಗ್ಲಿಷಿನಲ್ಲಿ. ಚಹದ ಪೆಟ್ಟಿಗೆಯ ಲೆಕ್ಕಕ್ಕೆ ಅದು ಸಾಕು. ಎರಡು ಸಾಮ್ರಾಜ್ಯಗಳು ಮಾತನಾಡಿಕೊಳ್ಳುವುದಕ್ಕೆ ಸಾಲದು.

ಈಗ ನಮ್ಮ ಹುಡುಗನ ಕಥೆಗೆ ಬರೋಣ. ಅದು ಆರಂಭವಾಗುವುದು ಚೀನದಲ್ಲಲ್ಲ, ನಮ್ಮ ಮಂಗಳೂರಿನಲ್ಲಿ ಎಂದರೆ ತಮಗೆ ಆಶ್ಚರ್ಯವಾದೀತು. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನೂ ಆಂಗ್ಲರೂ ಮಂಗಳೂರಿನ ಒಪ್ಪಂದಕ್ಕೆ ಸಹಿ ಹಾಕಿದುದು ತಮಗೆ ತಿಳಿದ ವಿಷಯ. ಆಗ ಮದರಾಸಿನ ಗವರ್ನರನಾಗಿದ್ದು ಸಂಧಾನಕಾರರನ್ನು ಕಳುಹಿಸಿದವನು ಮೆಕಾರ್ಟ್ನಿ. ಬಂದ ಮೂವರಲ್ಲಿ ಒಬ್ಬ ಜಾರ್ಜ್ ಲೆನರ್ಡ್ ಸ್ಟಾಂಟನ್. ಸಂಧಾನಕಾರರು ಬರಿತಲೆಯಲ್ಲಿ ಎರಡು ಗಂಟೆ ನಿಂತು ಸುಲ್ತಾನನ ಒಪ್ಪಿಗೆಯನ್ನು ಬೇಡಿಕೊಂಡರೆಂಬ ಮಾತು ಆಂಗ್ಲರಲ್ಲಿಯೇ ಹಬ್ಬಿ, ಬಹಳ ಮಂದಿಗೆ ಅವಮಾನವಾಗಿತ್ತು. ಎಂಟು ವರ್ಷಗಳ ತರುವಾಯ, 1792ರಲ್ಲಿ, ಇಂಗ್ಲೆಂಡಿನ ಅರಸ ಚೀನಕ್ಕೆ ಕಳುಹಿಸಿದ ಮೊದಲ ದೊಡ್ಡ ರಾಯಭಾರದ ಮುಖ್ಯಸ್ಥ ಇದೇ ಮೆಕಾರ್ಟ್ನಿ. ಕಾರ್ಯದರ್ಶಿ ಇದೇ ಸ್ಟಾಂಟನ್. ಸ್ಟಾಂಟನ್ ತನ್ನ ಹನ್ನೊಂದು ವರ್ಷದ ಮಗ ಥಾಮಸನನ್ನೂ ಜೊತೆಗೆ ಕರೆತಂದ.

ಇಂಗ್ಲೆಂಡಿನಲ್ಲೆಲ್ಲ ಹುಡುಕಿದರೂ ಚೀನೀ ಬಲ್ಲ ದುಭಾಷಿ ಸಿಕ್ಕಲಿಲ್ಲ. ಕೊನೆಗೆ ಇಟಲಿಯ ನೇಪಲ್ಸಿನಲ್ಲಿ, ಚೀನೀ ಹುಡುಗರನ್ನು ಪಾದ್ರಿಗಳನ್ನಾಗಿ ಮಾಡುವ ಒಂದು ಶಾಲೆಯಲ್ಲಿ, ಇಬ್ಬರು ದೊರೆತರು. ಅವರಿಗೆ ಇಂಗ್ಲಿಷ್ ಬಾರದು. ಲ್ಯಾಟಿನ್ ಮತ್ತು ಇಟಾಲಿಯನ್ ಬರುತ್ತಿತ್ತು. ಒಬ್ಬನು ಮಕಾವು ತಲುಪುತ್ತಲೆ ಪ್ರಾಣಭಯದಿಂದ ಇಳಿದುಹೋದ. ಉಳಿದವನು ಲಿ ತ್ಸುಪಿಯಾವ್. ಚೀನದ ವಾಯವ್ಯ ಮೂಲೆಯ ಊರಿನವನು. ಚಿಕ್ಕ ವಯಸ್ಸಿನಲ್ಲಿಯೇ ಮನೆ ಬಿಟ್ಟು ಹೋದವನು, ಇಪ್ಪತ್ತು ವರ್ಷಗಳ ಮೇಲೆ ಸ್ವದೇಶಕ್ಕೆ ಹಿಂದಿರುಗುತ್ತಿದ್ದಾನೆ. ಅದೂ ಹೇಗೆ? ಆಂಗ್ಲರ ಸಮವಸ್ತ್ರ ತೊಟ್ಟು, ಕತ್ತಿ ಕಟ್ಟಿ, ಯೂರೋಪಿನವನೆಂದು ಸುಳ್ಳು ಹೇಳಿಕೊಂಡು. ಲಿ ಎಂದರೆ ಪ್ಲಮ್ ಹಣ್ಣು. ಆದಕಾರಣ ಆಂಗ್ಲರು ಅವನನ್ನು ಪ್ಲಮ್ ಸಾಹೇಬ ಎಂದು ಕರೆದರು. ಸಿಕ್ಕಿಬಿದ್ದರೆ ಲಿಯು ಯಾಬಿಯೆನ್ನನ ಗತಿಯೇ ತನಗೂ ಎಂಬುದು ಅವನಿಗೆ ಗೊತ್ತಿತ್ತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಊರಿಗೆ ಹೋದಾಗ ‘ನಿನ್ನ ಮಾತಿನ ಧಾಟಿ ಬದಲಾಗಿದೆಯಲ್ಲ’ ಎಂದು ಕೇಳಿಸಿಕೊಳ್ಳುವ ನಮಗೆ ಈ ಮನುಷ್ಯನ ಮೇಲೆ ತುಸು ಹೆಚ್ಚಿನ ಮಮತೆ ಹುಟ್ಟಿದರೆ ತಪ್ಪಲ್ಲ.

ಹಡಗಿನಲ್ಲಿ ಹತ್ತು ತಿಂಗಳ ಪಯಣ. ಹುಡುಗ ಥಾಮಸನು ಆ ಇಬ್ಬರು ಪಾದ್ರಿಗಳಿಂದ ಚೀನೀ ಕಲಿತ. ದೊಡ್ಡವರು ಬೇಸತ್ತು ಬಿಟ್ಟದ್ದನ್ನು ಹುಡುಗ ಬಿಡಲಿಲ್ಲ. ಇದರ ಉಪಯೋಗ ಬೇಗನೆ ಕಂಡಿತು.

ಚೀನದ ದರಬಾರಿನಲ್ಲಿ ಕೌಟೌ ಎಂಬ ಪ್ರಣಾಮವುಂಟು. ಮೂರು ಸಾರಿ ಮಂಡಿಯೂರಿ, ಒಂದೊಂದು ಸಾರಿಗೂ ಮೂರರಂತೆ ಒಟ್ಟು ಒಂಬತ್ತು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು. ಮೆಕಾರ್ಟ್ನಿಗೆ ಅದು ಒಪ್ಪಿಗೆಯಿಲ್ಲ. ನನ್ನ ಸಮಾನ ಪದವಿಯ ಚೀನೀ ಅಧಿಕಾರಿಯೊಬ್ಬ ನಮ್ಮ ಅರಸನ ಚಿತ್ರದ ಮುಂದೆ ಇದನ್ನೇ ಮಾಡುವುದಾದರೆ ನಾನೂ ಮಾಡುತ್ತೇನೆ ಎಂದು ಅವನೊಂದು ಪತ್ರ ಬರೆದ. ಆ ಪತ್ರದ ಪಯಣವನ್ನು ನೋಡಿರಿ. ಇಂಗ್ಲಿಷಿನಿಂದ ಲ್ಯಾಟಿನ್ನಿಗೆ ಹುಡುಗನ ಜರ್ಮನ್ ಗುರು ತಿರುಗಿಸಿದ. ಲ್ಯಾಟಿನ್ನಿನಿಂದ ಆಡುಮಾತಿನ ಚೀನೀಗೆ ಲಿ ತಂದ. ಆಡುಮಾತಿನಿಂದ ದರಬಾರಿನ ಶೈಲಿಗೆ ಇನ್ನೊಬ್ಬ ಏರಿಸಿದ. ಆದರೆ ತನ್ನ ಕೈಬರಹದಲ್ಲಿ ಅದನ್ನು ಹೊರಗೆ ಕೊಡಲು ಆತನಿಗೆ ಧೈರ್ಯವಿಲ್ಲ. ಫ್ಲಿಂಟನ ಅರ್ಜಿ ಬರೆದವನು ಸತ್ತು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದರೂ ಆ ಹೆದರಿಕೆ ಸತ್ತಿರಲಿಲ್ಲ. ಕೊನೆಗೆ ಹನ್ನೆರಡು ವರ್ಷದ ಥಾಮಸನು ಕುಳಿತು ಅಕ್ಷರ ಅಕ್ಷರವಾಗಿ ಶುದ್ಧಪ್ರತಿ ಮಾಡಿದ. ಮೂಲವನ್ನು ಬರೆದವನ ಕಣ್ಣೆದುರಿಗೇ ನಾಶಮಾಡಿದರು.

1793ರ ಸೆಪ್ಟೆಂಬರ್ 14ರ ಬೆಳಗಿನ ಜಾವ, ಗೋಡೆಯಾಚೆಯ ಜೆಹೋಲ್ ಎಂಬಲ್ಲಿ, ಬೇಸಗೆಯ ಅರಮನೆಯ ತೋಟದ ಡೇರೆಯಲ್ಲಿ ಭೇಟಿ ನಡೆಯಿತು. ಚಿಯೆನ್‌ಲುಂಗ್ ಎಂಬತ್ತು ದಾಟಿದ ಮುದುಕ. ಮೆಕಾರ್ಟ್ನಿ ತಾನು ಒಂದೇ ಮಂಡಿಯೂರಿದೆನೆಂದು ಹೇಳುತ್ತಾನೆ. ಹುಡುಗನ ದಿನಚರಿಯಲ್ಲಿ, ಚಕ್ರವರ್ತಿ ಬರುವಾಗ ಎಲ್ಲರೂ ಮಂಡಿಯೂರಿ ತಲೆಯನ್ನು ನೆಲದವರೆಗೆ ಬಾಗಿಸಿದೆವು ಎಂದು ಬರೆದು, ‘ನೆಲದವರೆಗೆ’ ಎಂಬುದನ್ನು ಮಾತ್ರ ಹೊಡೆದುಹಾಕಿದೆ. ಮಕ್ಕಳ ಬರಹವನ್ನು ತಿದ್ದುವ ದೊಡ್ಡವರು ಎಲ್ಲ ದೇಶದಲ್ಲಿಯೂ ಇರುತ್ತಾರೆ ಎನ್ನೋಣವೆ?

ನಿಮ್ಮಲ್ಲಿ ಚೀನೀ ಬಲ್ಲವರು ಯಾರಾದರೂ ಇದ್ದಾರೆಯೆ ಎಂದು ಚಕ್ರವರ್ತಿ ಕೇಳಿದ. ಹುಡುಗನನ್ನು ಮುಂದೆ ತಂದರು. ಅವನು ಒಂದೆರಡು ಮಾತನಾಡಿದ. ಮುದುಕನಿಗೆ ಸಂತೋಷವಾಯಿತು. ನಡುವಿಗೆ ಕಟ್ಟಿಕೊಂಡಿದ್ದ ಹಳದಿ ರೇಷ್ಮೆಯ ಸಂಚಿಯನ್ನು ಬಿಚ್ಚಿ ತನ್ನ ಕೈಯಾರೆ ಅವನಿಗೆ ಕೊಟ್ಟ. ಅದು ಏನಿಡುವ ಸಂಚಿ ಎಂದು ಹುಡುಗನ ತಂದೆ ಬರೆದಿಟ್ಟಿದ್ದಾನೆ: ಅಡಿಕೆ ಇಡುವ ಸಂಚಿ! ನಮ್ಮ ಅಜ್ಜಂದಿರ ಸೊಂಟದಲ್ಲಿದ್ದಂಥದೇ ಒಂದು ವಸ್ತು ಚೀನದ ಚಕ್ರವರ್ತಿಯ ಸೊಂಟದಲ್ಲಿಯೂ ಇತ್ತೆಂಬುದನ್ನು ಓದಿ ನಾವು ಪುಸ್ತಕ ಕೆಳಗಿಟ್ಟು ನಕ್ಕೆವು.

ಸಂಚಿ ಸಿಕ್ಕಿತು, ಬೇರೇನೂ ಸಿಕ್ಕಲಿಲ್ಲ. ಪೀಕಿಂಗಿನಲ್ಲಿ ನೆಲೆಸುವ ರಾಯಭಾರಿ, ಹೊಸ ಬಂದರುಗಳು, ವಾಸಕ್ಕೊಂದು ದ್ವೀಪ, ಇವೆಲ್ಲಕ್ಕೂ ಇಲ್ಲವೆಂದೇ ಉತ್ತರ. ನಮ್ಮಲ್ಲಿ ಎಲ್ಲವೂ ಇದೆ, ನಿಮ್ಮ ಸಾಮಾನು ನಮಗೆ ಬೇಕಿಲ್ಲ ಎಂಬರ್ಥದ ನಿರೂಪವನ್ನು ಜಗತ್ತೆಲ್ಲ ಚಿಯೆನ್‌ಲುಂಗನ ಅಹಂಕಾರಕ್ಕೆ ಉದಾಹರಣೆಯಾಗಿ ಎತ್ತಿಹೇಳುತ್ತದೆ. ಆದರೆ ಅದೇ ವೇಳೆಗೆ ಅವನು ಕರಾವಳಿಯ ಕಾವಲನ್ನು ಬಿಗಿಮಾಡಲು ಅಪ್ಪಣೆ ಕೊಟ್ಟಿದ್ದ. ಆಂಗ್ಲರ ಬಲ ಅವನಿಗೆ ತಿಳಿಯದೆ ಇರಲಿಲ್ಲ. ಇನ್ನೊಂದು ಸಂಗತಿಯುಂಟು. ಆ ನಿರೂಪವನ್ನು ಲ್ಯಾಟಿನ್ನಿಗೆ ತಿರುಗಿಸಿದ ಪೀಕಿಂಗಿನ ಪಾದ್ರಿಗಳು ಅದರ ಮೊನಚನ್ನು ಮೊಂಡುಮಾಡಿಯೇ ಮೆಕಾರ್ಟ್ನಿಗೆ ಕೊಟ್ಟರು. ಆಂಗ್ಲ ಅರಸನ ಪತ್ರವೂ ಚೀನೀಯಲ್ಲಿ ಬಹಳ ವಿನಯದ ಪತ್ರವಾಗಿತ್ತು. ಅಂದರೆ ಸಮಾನನೆಂದು ಬರೆದ ಅರಸನೂ ಕಪ್ಪ ಸ್ವೀಕರಿಸಿದೆನೆಂದುಕೊಂಡ ಅರಸನೂ ಬೇರೆ ಬೇರೆ ಕಾಗದಗಳನ್ನು ಓದುತ್ತಿದ್ದರು.

ಲಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಎರಡನೆಯ ನಿರೂಪದಲ್ಲಿ, ನಿಮ್ಮ ಮತವನ್ನು ಇಲ್ಲಿ ಸಾರಲು ಅಪ್ಪಣೆಯಿಲ್ಲ ಎಂದೊಂದು ಮಾತಿತ್ತು. ಮೆಕಾರ್ಟ್ನಿ ಕಕ್ಕಾಬಿಕ್ಕಿಯಾದ, ಅವನು ಅದನ್ನು ಕೇಳಿಯೇ ಇರಲಿಲ್ಲ! ಚೀನದ ಕ್ರೈಸ್ತರಿಗೆ ಕಿರುಕುಳ ತಪ್ಪಲೆಂಬ ಬೇಡಿಕೆಯನ್ನು ಲಿ ತಾನಾಗಿಯೇ ನಡುವೆ ಸೇರಿಸಿದ್ದ. ಪೇರಲಹಣ್ಣಿನ ಹುಡುಗ ನೆನಪಾಗುವುದಿಲ್ಲವೆ? ಆದರೆ ಇಲ್ಲಿ ಪಣಕ್ಕಿದ್ದುದು ಪ್ರಾಣ. ರಾಯಭಾರ ಹಿಂದಿರುಗಿದಾಗ ಲಿ ಹಿಂದಿರುಗಲಿಲ್ಲ. ಸಮವಸ್ತ್ರ ಕಳಚಿ, ಶಾನ್‌ಸಿ ಪ್ರಾಂತದ ಹಳ್ಳಿಗಾಡಿನಲ್ಲಿ ಮರೆಸಿಕೊಂಡು ಪಾದ್ರಿಯಾಗಿ ಬಾಳಿ, ನೇಪಲ್ಸಿನ ಗೆಳೆಯರಿಗೆ ಲ್ಯಾಟಿನ್ನಿನಲ್ಲಿ ಕಾಗದ ಬರೆಯುತ್ತ, 1828ರಲ್ಲಿ ತೀರಿಕೊಂಡ.

ಹುಡುಗ ಥಾಮಸನ ಮುಂದಿನ ಬಾಳೇ ನಮ್ಮನ್ನು ಹೆಚ್ಚು ಕಾಡುವಂಥದು. ಅವನು ಕಂಪನಿಯ ನೌಕರನಾಗಿ ಕ್ಯಾಂಟನ್ನಿಗೆ ಹೋದ. ಛಿಂಗ್ ವಂಶದ ದಂಡಸಂಹಿತೆಯನ್ನು ಇಂಗ್ಲಿಷಿಗೆ ತಂದು 1810ರಲ್ಲಿ ಪ್ರಕಟಿಸಿದ. ಚೀನೀಯರಿಗೆ ಕಾನೂನೇ ಇಲ್ಲವೆನ್ನುತ್ತಿದ್ದವರ ಬಾಯಿ ಮುಚ್ಚಿಸಿದ ಗ್ರಂಥವದು. 1816ರಲ್ಲಿ ಆಮ್‌ಹರ್ಸ್ಟನ ರಾಯಭಾರದೊಡನೆ ಮತ್ತೆ ಪೀಕಿಂಗಿಗೆ ಹೋದ. ಕೌಟೌ ಮಾಡಬಾರದೆಂದು ಆಮ್‌ಹರ್ಸ್ಟನಿಗೆ ಸಲಹೆ ಕೊಟ್ಟವನು ಅವನೇ. ರಾಯಭಾರಿಗಳು ಇರುಳೆಲ್ಲ ಪ್ರಯಾಣಮಾಡಿ ಬೆಳಗಿಗೆ ಅರಮನೆ ತಲುಪಿ, ಅದೇ ದಿನ ಅಲ್ಲಿಂದ ಹೊರದೂಡಿಸಿಕೊಂಡರು. ಮುಂದೆ ಅವನು ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯನಾದ.

ಇಲ್ಲಿ ಮುಂಬಯಿಯ ಮಾತು ಬರಲೇಬೇಕು. ಚೀನದ ಚಹಕ್ಕೆ ಬೆಳ್ಳಿ ತೆತ್ತು ಬೇಸತ್ತ ಆಂಗ್ಲರು ಬೆಳ್ಳಿಗೆ ಬದಲಾಗಿ ಅಫೀಮನ್ನು ಹಿಡಿದರು. ಪಾಟ್ನಾ ಕಾಶಿಗಳ ಅಫೀಮು ಕಲ್ಕತ್ತೆಯಿಂದ, ಮಾಳವದ ಅಫೀಮು ನಮ್ಮ ಈ ಬಂದರಿನಿಂದ ಹೊರಡುತ್ತಿತ್ತು. ನಮ್ಮವರು ಎಷ್ಟೋ ಮಂದಿ ಗುಣ ಹೊಂದಿ ಬಂದಿರುವ ಜೆ.ಜೆ. ಆಸ್ಪತ್ರೆ 1845ರಲ್ಲಿ ತೆರೆದದ್ದು. ಅದಕ್ಕೆ ಹಣ ಕೊಟ್ಟ ಜಮಶೇಟಜಿ ಜೀಜೀಭಾಯಿಯವರ ಸಂಪತ್ತು ಬೆಳೆದದ್ದು ಚೀನದೊಡನೆ ಮಾಡಿದ ಹತ್ತಿ ಮತ್ತು ಅಫೀಮಿನ ವ್ಯಾಪಾರದಲ್ಲಿ. ಇದು ನಿಂದೆಯಲ್ಲ, ಈ ನಗರದ ಅಡಿಪಾಯದಲ್ಲಿರುವ ಸಂಗತಿ.

1839ರಲ್ಲಿ ಲಿನ್ ತ್ಸೆಶು ಎಂಬ ಅಧಿಕಾರಿ ಕ್ಯಾಂಟನ್ನಿಗೆ ಬಂದು, ಪರದೇಶಿ ವ್ಯಾಪಾರಿಗಳಿಂದ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು, ಸುಣ್ಣ ಉಪ್ಪು ಬೆರೆಸಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಪರದೇಶಿಗಳ ಪತ್ರಿಕೆಗಳನ್ನು ಓದಿಸಲು ಅವನು ದುಭಾಷಿಗಳನ್ನು ಹುಡುಕಿ ಕೂಡಿಸಿದ. ಅವರಲ್ಲಿ ಒಬ್ಬನು ಬಂಗಾಳದ ಶ್ರೀರಾಮಪುರದಲ್ಲಿ ಮಿಷನರಿಗಳ ಬಳಿ ಓದಿ ಬಂದಿದ್ದವನು. ಆದರೆ ಕಲಿಕೆಗೆ ಕಾಲ ಮಿಂಚಿಹೋಗಿತ್ತು. 1840ರ ಏಪ್ರಿಲಿನಲ್ಲಿ ಚೀನದ ಮೇಲಿನ ಯುದ್ಧದ ವಿಷಯ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದಿತು. ಎದ್ದು ನಿಂತವರಲ್ಲಿ ಸ್ಟಾಂಟನ್ ಒಬ್ಬ. ಅಫೀಮಿನ ವ್ಯಾಪಾರ ನಿಲ್ಲಬೇಕೆಂದೇ ತನ್ನ ಅಪೇಕ್ಷೆ ಎಂದ. ಆದರೂ ಯುದ್ಧ ನ್ಯಾಯವಾದದ್ದೆಂದ. ಚೀನದಲ್ಲಿ ತಲೆತಗ್ಗಿಸಿದರೆ ಭಾರತದಲ್ಲಿ ನಮ್ಮ ಪ್ರಭುತ್ವವೂ ಉಳಿಯಲಾರದು ಎಂಬುದು ಅವನ ವಾದ. ಮಂಗಳೂರಿನಲ್ಲಿ ಬರಿತಲೆಯಲ್ಲಿ ನಿಂತನೆಂಬ ಅಪವಾದ ಹೊತ್ತವನ ಮಗನ ಮಾತಿದು. ಸರಕಾರ ಕೇವಲ ಒಂಬತ್ತು ಮತಗಳಿಂದ ಗೆದ್ದಿತು.

ಭಾಷೆ ಬಂದರೆ ಮನಸ್ಸು ಕೂಡುತ್ತದೆ ಎಂದು ಇಂಥ ವೇದಿಕೆಗಳ ಮೇಲೆ ನಾವೂ ಎಷ್ಟೋ ಸಾರಿ ಹೇಳಿದ್ದೇವೆ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೇವೆ. ಸ್ಟಾಂಟನ್ನನ ಬಾಳನ್ನು ಓದಿದಂದಿನಿಂದ ಆ ಮಾತನ್ನಾಡಲು ನಮ್ಮ ನಾಲಗೆ ಹಿಂಜರಿಯುತ್ತದೆ. ಆ ಸಭಾಭವನದಲ್ಲಿ ಚೀನವನ್ನು ಅವನಷ್ಟು ಬಲ್ಲವನು ಇನ್ನೊಬ್ಬನಿರಲಿಲ್ಲ. ಅವನ ತಿಳಿವಳಿಕೆಯೇ ಯುದ್ಧದ ಪಕ್ಷಕ್ಕೆ ತೂಕ ಕೊಟ್ಟಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. ಯುದ್ಧಕ್ಕೆ ಹೋದ ದಂಡಿನಲ್ಲಿ ಮದರಾಸು ಪದಾತಿಯ ನಮ್ಮ ದಕ್ಷಿಣದ ಸಿಪಾಯಿಗಳೂ ಇದ್ದರು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಹೋಯಿತು, ಐದು ಬಂದರುಗಳು ತೆರೆದವು, 210 ಲಕ್ಷ ಬೆಳ್ಳಿಯ ಡಾಲರುಗಳ ದಂಡ ಬಿತ್ತು. ಎರಡನೆಯ ಯುದ್ಧದ ನಡುವೆ, 1858ರಲ್ಲಿ ತಿಯೆನ್‌ತ್ಸಿನ್‌ನಲ್ಲಿ ಆದ ಒಪ್ಪಂದದ ಎರಡು ಕಲಮುಗಳು ನಮ್ಮ ವಿಷಯಕ್ಕೆ ಸಂಬಂಧಪಟ್ಟವು. 50ನೆಯ ಕಲಮಿನಂತೆ, ಅರ್ಥದಲ್ಲಿ ವ್ಯತ್ಯಾಸ ಬಂದಾಗ ಇಂಗ್ಲಿಷ್ ಪಾಠವೇ ಪ್ರಮಾಣ. 51ನೆಯ ಕಲಮಿನಂತೆ, ಆಂಗ್ಲರನ್ನು ಕುರಿತು ಚೀನದ ಸರಕಾರಿ ಕಾಗದಗಳಲ್ಲಿ ‘ಯಿ’ ಎಂಬ ಅಕ್ಷರವನ್ನು ಬಳಸಕೂಡದು. ಅದಕ್ಕೆ ಹೊರನಾಡಿಗ ಎಂದೂ ಹೇಳಬಹುದು, ಅನಾಗರಿಕ ಎಂದೂ ಹೇಳಬಹುದು. ಆಂಗ್ಲರು ಎರಡನೆಯದನ್ನೇ ಹಿಡಿದರು. ಒಂದು ಅಕ್ಷರವನ್ನು ಒಪ್ಪಂದದ ಮೂಲಕ ನಿಷೇಧಿಸಿದ ಬೇರೆ ಪ್ರಸಂಗ ನಮ್ಮ ಓದಿನಲ್ಲಿ ಬಂದಿಲ್ಲ. 1860ರಲ್ಲಿ ಆಂಗ್ಲ ಮತ್ತು ಫ್ರೆಂಚ್ ದಂಡುಗಳು ಪೀಕಿಂಗಿನ ಹೊರಗಿನ ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ಲೂಟಿ ಮಾಡಿದವು. ಆಮೇಲೆ ಆಂಗ್ಲರು ಅದಕ್ಕೆ ಬೆಂಕಿಯಿಟ್ಟರು. ಮೆಕಾರ್ಟ್ನಿ ಉಡುಗೊರೆಯಾಗಿ ತಂದಿದ್ದ ಫಿರಂಗಿಗಳು ಅಲ್ಲಿ ಬಳಕೆಯಾಗದೆ ಬಿದ್ದಿದ್ದುದು ಆಗ ಸಿಪಾಯಿಗಳ ಕಣ್ಣಿಗೆ ಬಿದ್ದಿತು.

ಎರಡು ವರ್ಷದ ಮೇಲೆ, 1862ರಲ್ಲಿ, ಛಿಂಗ್ ಸರಕಾರ ಪೀಕಿಂಗಿನಲ್ಲಿ ಥುಂಗ್‌ವೆನ್ ಕ್ವಾನ್ ಎಂಬ ಭಾಷಾಶಾಲೆಯನ್ನು ತೆರೆಯಿತು. ಪರದೇಶಿಗೆ ಅರ್ಜಿ ಬರೆದುಕೊಟ್ಟವನ ತಲೆ ತೆಗೆಸಿದ ಅದೇ ಮನೆತನದ ಸರಕಾರ. ಮೊದಲ ತರಗತಿಯಲ್ಲಿ ಹತ್ತು ಮಂದಿ ಮಂಚು ಹುಡುಗರು. ಇಂಗ್ಲಿಷ್ ಕಲಿಸಲು ಬರ್ಡನ್ ಎಂಬ ಆಂಗ್ಲ ಪಾದ್ರಿಯನ್ನು, ಮತದ ಮಾತೆತ್ತಕೂಡದೆಂಬ ಕರಾರಿನ ಮೇಲೆ, ನೇಮಿಸಿದರು. ಚೀನೀ ಪಾಠ ಹೇಳುವ ನೆಪದಲ್ಲಿ ಅವನ ಮೇಲೊಂದು ಕಣ್ಣಿಡಲು ಪಂಡಿತನೊಬ್ಬನನ್ನೂ ಗೊತ್ತುಮಾಡಿದ್ದರು.